ಗುಜರಿಗೆ ಹಾಕುವ ಮುಂಚೆ ಒಂದ್ಸಲ ನೋಡಿ

ಗ್ರಂಥಾಲಯಗಳನ್ನೂ ದಾಖಲೆ ಕೋಣೆಗಳನ್ನೂ ನಡೆಸುವ ಎಲ್ಲ ಅಧಿಕಾರಿಗಳಿಗೆ,

ನಮಸ್ಕಾರ.

ನಮ್ಮ ಮನೆಯ ಲೆಕ್ಕದಲ್ಲಿ ಮುತ್ತಜ್ಜನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ನಮ್ಮಜ್ಜಿ, ಇನ್ನೊಬ್ಬಳು ಅವಳ ಅಕ್ಕ. ಅಜ್ಜಿ ಹೇಳುತ್ತಿದ್ದದ್ದೂ ಅಷ್ಟೇ, ಅಮ್ಮ ಹೇಳಿದ್ದೂ ಅಷ್ಟೇ. ಮೂರನೆಯವಳು ಒಬ್ಬಳಿದ್ದಳು ಅಂತ ನನಗೆ ಹೇಳಿದ್ದು ಮನೆಯವರಲ್ಲ. ಒಂದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿದ್ದ ಅಂಗೈಯಗಲದ ರಟ್ಟಿನ ಕಾರ್ಡು.

ಕಾರ್ಡಿನ ಮೇಲೆ ನೀಲಿ ಶಾಯಿಯಲ್ಲಿ ನಾಲ್ಕೇ ಸಾಲು. ಮುತ್ತಜ್ಜನ ಹೆಸರು, ತೀರಿಕೊಂಡ ದಿನ, ಸುದ್ದಿ ಬಂದ ಪತ್ರಿಕೆ ಮತ್ತು ಪುಟ, ಕೊನೆಗೆ ‘ಪತ್ನಿ, ಮೂವರು ಪುತ್ರಿಯರು’. ‘ಮೂವರು’ ಅನ್ನುವುದರ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ. ಅದರ ಪಕ್ಕ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ.

ಈ ಪತ್ರ ಬರೆಯುತ್ತಿರುವುದು ಆ ಕಾರ್ಡಿಗಾಗಿ. ಅಂಥ ಕಾರ್ಡು ತುಂಬಿದ್ದ ಪೆಟ್ಟಿಗೆಗಾಗಿ, ಅದನ್ನು ಬರೆದಿಟ್ಟವರಿಗಾಗಿ. ಸ್ವಲ್ಪ ನಿಮ್ಮ ಮೇಲಿನ ಸಿಟ್ಟಿಗೂ ಹೌದು, ಬೇಜಾರು ಮಾಡ್ಕೋಬೇಡಿ.

ನಾನು ಇತಿಹಾಸ ಓದಿಕೊಂಡ ಮನುಷ್ಯ ಅಲ್ಲ. ಹಳೇ ಫೋಟೊ ಒಂದರ ಹಿಂದೆ ಅರ್ಧ ಅಳಿಸಿಹೋದ ಹೆಸರು ಕಂಡು ಕುತೂಹಲ ಹುಟ್ಟಿತು, ಅಷ್ಟೇ. ಎಲ್ಲರ ಹಾಗೆ ಮೊದಲು ಫೋನು ಹಿಡಿದೆ. ಹೆಸರು ಹಾಕಿ ಒತ್ತಿದರೆ ಏನೂ ಇಲ್ಲ. ಕಾಗುಣಿತ ಬದಲಿಸಿ ಒತ್ತಿದರೆ ಸಾವಿರದೆಂಟು ಜನ, ಎಲ್ಲರೂ ಬೇರೆಯವರು. ಎರಡು ತಿಂಗಳು ಹೀಗೇ ಕಳೆದ ಮೇಲೆ ಸಾಕಾಗಿ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ‘ಸ್ಥಳೀಯ ಇತಿಹಾಸ ವಿಭಾಗ’ ಅಂತ ಬೋರ್ಡು ಇತ್ತು. ವಿಭಾಗ ಅಂದರೆ ಒಂದು ಮೇಜು, ಎರಡು ಬೀರು, ಹಳೇ ಪುಟಗಳ ಚಿಕ್ಕ ಫಿಲ್ಮ್ ಚಿತ್ರಗಳನ್ನು ದೊಡ್ಡದಾಗಿ ತೋರಿಸುವ ಒಂದು ಮೈಕ್ರೋಫಿಲ್ಮ್ ಯಂತ್ರ, ಆಮೇಲೆ ಒಬ್ಬರು ಮೇಡಂ.

ನಾನು ಕೂತವನೇ ಕಥೆ ಶುರು ಮಾಡಿದೆ. ಮೇಡಂ ಪೂರ್ತಿ ಕೇಳಿಸಿಕೊಂಡು, “ಹೆಸರು ಬಿಡಿ, ಮನೆ ಹಿಡೀರಿ” ಅಂದರು.

ಅರ್ಥ ಆಗಲಿಲ್ಲ. ಅವರು ಎದ್ದು ಹೋಗಿ ಬೀದಿವಾರು ಡೈರೆಕ್ಟರಿ ತಂದರು. ಹೆಸರಿನ ಅಕ್ಷರ ಹಿಡಿದು ಅಲ್ಲ, ಬೀದಿ ಹಿಡಿದು ಒಂದೊಂದೇ ಮನೆ ಪಟ್ಟಿ ಮಾಡಿದ್ದ ಹಳೇ ಪುಸ್ತಕ ಅದು. ಬೆನ್ನು ಬಿಚ್ಚಿಹೋಗಿತ್ತು, ದಾರದಲ್ಲಿ ಕಟ್ಟಿದ್ದರು. ನಮ್ಮವರು ಇದ್ದ ಬೀದಿ ತೆಗೆದು ಬೆರಳಿಟ್ಟು ಓದುತ್ತಾ ಹೋದರು. ನಮ್ಮ ಮುತ್ತಜ್ಜ ಅಲ್ಲೇ ಇದ್ದರು. ಆದರೆ ಅಚ್ಚಿನಲ್ಲಿ ಅವರ ಹೆಸರಿನ ಮೊದಲ ಅಕ್ಷರವೇ ತಪ್ಪು. ಹುಡುಕು ಗುಂಡಿ ನೂರು ವರ್ಷ ಒತ್ತಿದ್ದರೂ ನನಗೆ ಸಿಗುತ್ತಿರಲಿಲ್ಲ. “ಈಗ ಅಕ್ಕಪಕ್ಕದ ಮನೆಯವರ ಹೆಸರೂ ಬರ್ಕೊಳ್ಳಿ” ಅಂದರು. ಯಾಕೆ ಅಂದೆ. “ಸಾವು ನೋಂದಾಯಿಸೋಕೆ ಹೋಗೋರು ಯಾರು? ಮದುವೆಗೆ ಸಾಕ್ಷಿ ಹಾಕೋರು ಯಾರು? ಮನೆಯವರು ಎಷ್ಟೋ ಸಲ ಇರೋದೇ ಇಲ್ಲ. ಪಕ್ಕದ ಮನೆಯವರು ಇರ್ತಾರೆ.”

ಇಷ್ಟು ಹೇಳಿ ಕಾರ್ಡು ಪೆಟ್ಟಿಗೆಯ ಡ್ರಾಯರ್ ಎಳೆದರು. ಸುಮಾರು ಮೂವತ್ತು ವರ್ಷ, ಬಿಡುವು ಸಿಕ್ಕಾಗಲೆಲ್ಲ, ಹಳೇ ಪತ್ರಿಕೆಗಳಲ್ಲಿ ಬಂದ ಸಾವಿನ ಸುದ್ದಿಗಳನ್ನು ಓದಿ ಓದಿ ಕಾರ್ಡು ಬರೆದಿದ್ದರಂತೆ. ಯಾರೂ ಹೇಳಿದ್ದಲ್ಲ, ಸಂಬಳದ ಕೆಲಸವೂ ಅಲ್ಲ. ಆ ಪೆನ್ಸಿಲ್ ಗೆರೆಯೂ ಅವರದೇ. ಮುತ್ತಜ್ಜಿ ತೀರಿಕೊಂಡಾಗ ಬಂದ ಸುದ್ದಿಯಲ್ಲಿ ‘ಇಬ್ಬರು ಪುತ್ರಿಯರು’ ಅಂತಿತ್ತು. ಎರಡೂ ಕಾರ್ಡು ಬರೆದದ್ದು ಒಂದೇ ಕೈ. ಹಾಗಾಗಿ ಆ ವ್ಯತ್ಯಾಸ ಅವರ ಕಣ್ಣಿಗೆ ಬಿದ್ದಿತ್ತು. ನಮ್ಮ ಕುಟುಂಬದವರು ಯಾರೂ ಅಲ್ಲದ ಒಬ್ಬ ಹೆಂಗಸು, ನಾನು ಅಲ್ಲಿಗೆ ಹೋಗುವ ಎಷ್ಟೋ ವರ್ಷ ಮೊದಲೇ, ನಮ್ಮ ಮನೆಯ ಒಂದು ಮಗಳು ಲೆಕ್ಕ ತಪ್ಪಿದ್ದನ್ನು ಗಮನಿಸಿ ಗೆರೆ ಎಳೆದಿಟ್ಟಿದ್ದರು.

ಆ ಎರಡು ಸಾವಿನ ನಡುವಿನ ಮರಣ ನೋಂದಣಿಯೆಲ್ಲ ನೋಡಿದೆವು. ಮೂರನೆಯವಳು ಸತ್ತಿರಲಿಲ್ಲ. ಮದುವೆ ರಿಜಿಸ್ಟರಿನಲ್ಲಿ ಸಿಕ್ಕಳು, ಅದೂ ಅವಳ ಹೆಸರಿನಿಂದಲ್ಲ. ಪಕ್ಕದ ಮನೆಯವರ ಹೆಸರು ಬರೆದುಕೊಂಡಿದ್ದೆನಲ್ಲ, ಆ ಮನೆಯ ಮಗನ ಹೆಸರಿನಿಂದ. ಹುಡುಗಿಯ ತಂದೆಯ ಕಡೆಯಿಂದ ಯಾರೂ ಸಾಕ್ಷಿ ಹಾಕಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ದೂರ ಹೋಗಿ ನೆಲೆಸಿದ್ದರು. ಅವಳು ತೀರಿಕೊಂಡದ್ದು ನಮ್ಮಜ್ಜಿಗಿಂತ ಹನ್ನೊಂದು ವರ್ಷ ಆಮೇಲೆ. ಅಂದರೆ ಅಜ್ಜಿ ನನಗೆ ‘ನಾವಿಬ್ಬರೇ’ ಅಂತ ಹೇಳುತ್ತಿದ್ದ ಹೊತ್ತಿನಲ್ಲಿ ತಂಗಿ ಬದುಕಿದ್ದಳು. ಅಜ್ಜಿಗೆ ಗೊತ್ತಿತ್ತು ಅಂತ ನನ್ನ ಲೆಕ್ಕ.

ಹೋದ ವರ್ಷ ಮತ್ತೆ ಅದೇ ಗ್ರಂಥಾಲಯಕ್ಕೆ ಹೋದೆ. ಮೇಡಂ ನಿವೃತ್ತರಾಗಿದ್ದರು. ಕೋಣೆಗೆ ಹೊಸ ಬಣ್ಣ, ಹೊಸ ಕುರ್ಚಿ. ಡೈರೆಕ್ಟರಿ ಇರಲಿಲ್ಲ. ಕಾರ್ಡು ಪೆಟ್ಟಿಗೆ ಇರಲಿಲ್ಲ. ಕೇಳಿದ್ದಕ್ಕೆ ಅಲ್ಲಿದ್ದವರು ಪಾಪ ತುಂಬಾ ಮರ್ಯಾದೆಯಿಂದಲೇ ಹೇಳಿದರು: “ಈಗ ಎಲ್ಲಾ ಆನ್‌ಲೈನ್‌ನಲ್ಲೇ ಇದೆಯಲ್ಲ ಸರ್.”

ಈ ಒಂದು ಮಾತಿನ ಬಗ್ಗೆ ನಿಮ್ಮ ಹತ್ತಿರ ಸ್ವಲ್ಪ ಜಗಳ ಆಡಬೇಕಿದೆ.

ಆನ್‌ಲೈನ್‌ನಲ್ಲಿ ಇರುವುದು ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಘ 1938ರಿಂದ ದೇಶ ದೇಶ ತಿರುಗಿ ಹಳೇ ದಾಖಲೆಗಳ ಮೈಕ್ರೋಫಿಲ್ಮ್ ಮಾಡಿಸಿತು. ಹರಿದ್ವಾರದ ಪಂಡಾಗಳು, ಅಂದರೆ ತೀರ್ಥಕ್ಷೇತ್ರದ ಪುರೋಹಿತರು, ತಲೆತಲಾಂತರದಿಂದ ಬರೆದಿಟ್ಟ ವಂಶದ ಬಹಿಗಳನ್ನೂ (ವಂಶಾವಳಿ ಪುಸ್ತಕಗಳನ್ನೂ) ಅವರು ಬಿಡಲಿಲ್ಲ. ಅಂಥ 24 ಲಕ್ಷದಷ್ಟು ರೀಲುಗಳನ್ನು ಸ್ಕ್ಯಾನ್ ಮಾಡಿ ಮುಗಿಸಿದ್ದು 2021ರಲ್ಲಿ. ಇವತ್ತು ಅದು ಫ್ಯಾಮಿಲಿಸರ್ಚ್ ಅನ್ನುವ ಹೆಸರಿನಲ್ಲಿ ಪುಕ್ಕಟೆ ಸಿಗುತ್ತದೆ. ನಾನೂ ಎಷ್ಟೋ ರಾತ್ರಿ ಅದರ ಮುಂದೆ ಕೂತಿದ್ದೇನೆ. ಆದರೆ ಪುಟದ ಚಿತ್ರ ಬೇರೆ, ಆ ಪುಟದಲ್ಲಿರುವ ಹೆಸರಿನ ಪಟ್ಟಿ ಬೇರೆ. ಹೆಸರುಗಳನ್ನು ಯಾರಾದರೂ ಓದಿ ತುಂಬಿದ್ದರೆ ಮಾತ್ರ ಹುಡುಕಿದಾಗ ಸಿಗುತ್ತದೆ. ಓದಿದವರು, ಅಥವಾ ಓದಿದ ಯಂತ್ರ, ತಪ್ಪು ಓದಿದ್ದರೆ ನಮ್ಮ ಮುತ್ತಜ್ಜನ ಗತಿಯೇ. ಇನ್ನೊಂದು ವಿಷಯ ನಿಮಗೂ ಗೊತ್ತು. ಆ ಸಂಸ್ಥೆಯ ಕೆಲವು ಚಿತ್ರಗಳನ್ನು ಮನೆಯಲ್ಲಿ ಕೂತು ನೋಡಲು ಆಗುವುದಿಲ್ಲ. ದಾಖಲೆಯ ಮಾಲೀಕರ ಜೊತೆಗಿನ ಒಪ್ಪಂದ ಹಾಗಿರುತ್ತದೆ. ಅವರ ಕೇಂದ್ರಕ್ಕೋ ಅವರ ಜೊತೆ ಸೇರಿಕೊಂಡ ಗ್ರಂಥಾಲಯಕ್ಕೋ ಹೋಗಿಯೇ ನೋಡಬೇಕು. ಅಂದರೆ ಆನ್‌ಲೈನ್‌ನಲ್ಲಿ ಇರುವುದಕ್ಕೂ ನಿಮ್ಮ ಬಾಗಿಲು ಬೇಕು.

ಕಾಗುಣಿತದ ತೊಂದರೆ ಇವತ್ತಿನದೇನಲ್ಲ. 1918ರಲ್ಲೇ ರಾಬರ್ಟ್ ರಸೆಲ್ ಅನ್ನುವವರು ಸೌಂಡೆಕ್ಸ್ ಅನ್ನುವ ವಿಧಾನಕ್ಕೆ ಪೇಟೆಂಟ್ ಪಡೆದರು. ಹೆಸರು ಹೇಗೆ ಬರೆದಿದ್ದಾರೆ ಅನ್ನುವುದು ಬಿಟ್ಟು ಹೇಗೆ ಕೇಳಿಸುತ್ತದೆ ಅಂತ ನೋಡಿ, ಒಂದು ಅಕ್ಷರ ಮತ್ತು ಮೂರು ಅಂಕಿ ಕೊಡುವ ಉಪಾಯ ಅದು. 1930ರ ದಶಕದಲ್ಲಿ ಅಮೆರಿಕದ ಹಳೇ ಜನಗಣತಿಗಳಿಗೆ ಇದೇ ಲೆಕ್ಕದಲ್ಲಿ ಕಾರ್ಡು ಬರೆಸಿದರು. ನೋಡಿ, ಅಲ್ಲೂ ಕಾರ್ಡೇ. ಒಳ್ಳೇ ಉಪಾಯ, ಆದರೆ ಅದೂ ಮೊದಲ ಅಕ್ಷರ ತಪ್ಪಿದರೆ ಕೈಬಿಡುತ್ತದೆ.

ಮೇಜಿನ ಹಿಂದೆ ಕೂತವರಿಗೆ ಗೊತ್ತಿರುವ ಕೆಲವು ಸಂಗತಿಗಳು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಒಂದು ಸಲ ನಾನು ಕಾಯುತ್ತಿದ್ದಾಗ ಇನ್ನೊಬ್ಬರು ಬಂದರು. ಇಂಗ್ಲೆಂಡಿನ ಚರ್ಚಿನ ದಾಖಲೆಯ ಎರಡು ಪ್ರತಿ ಅವರ ಕೈಯಲ್ಲಿತ್ತು. ಮಗುವಿಗೆ ನಾಮಕರಣ 1740ರ ಏಪ್ರಿಲ್‌ನಲ್ಲಿ, ಅದೇ ಮಗುವನ್ನು ಹೂಳಿದ್ದು 1740ರ ಫೆಬ್ರವರಿಯಲ್ಲಿ. “ಹುಟ್ಟೋ ಮುಂಚೆ ಸಾಯೋದು ಹೇಗೆ ಮೇಡಂ? ಬೇರೆ ಮಗು ಇರಬೇಕು” ಅಂದರು. ಮೇಡಂ ನಕ್ಕರು. 1752ರವರೆಗೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಲೆಕ್ಕಕ್ಕೆ ಬರುತ್ತಿದ್ದದ್ದು ಮಾರ್ಚ್ 25ಕ್ಕೆ. ಏಪ್ರಿಲ್ ಮೊದಲು, ಫೆಬ್ರವರಿ ಆಮೇಲೆ, ಎರಡೂ ಅದೇ 1740. ಮಗು ಹತ್ತು ತಿಂಗಳು ಬದುಕಿತ್ತು. ಆ ಮನುಷ್ಯರು ಪ್ರತಿಗಳನ್ನು ಮಡಚಿ ಸ್ವಲ್ಪ ಹೊತ್ತು ಸುಮ್ನೆ ಕೂತರು.

ಅದೇ ದೇಶದ 1841ರ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಲು ಹೇಳಿದ್ದರು. 39 ವರ್ಷದವರು 35 ಆಗುತ್ತಿದ್ದರು. ಇದು ಗೊತ್ತಿಲ್ಲದೆ ಹುಟ್ಟಿದ ವರ್ಷ ಕಳೆದು ಕೂಡಿ ಹುಡುಕುವವರು ನಾಲ್ಕು ವರ್ಷ ಆಚೆ ಎಲ್ಲೋ ಅಲೆಯುತ್ತಾರೆ. ಇನ್ನು ‘ನಮ್ಮ ಮನೆತನದ ಹೆಸರನ್ನು ಎಲ್ಲಿಸ್ ದ್ವೀಪದಲ್ಲಿ ಬದಲಾಯಿಸಿಬಿಟ್ಟರು’ ಅನ್ನುವ ಕಥೆ ಅಮೆರಿಕಕ್ಕೆ ಹೋದವರ ಮನೆಮನೆಯಲ್ಲೂ ಇದೆ. ಹಡಗಿನಲ್ಲಿ ಬಂದ ವಲಸಿಗರನ್ನು ತಪಾಸಣೆ ಮಾಡಿ ಒಳಗೆ ಬಿಡುತ್ತಿದ್ದ ನ್ಯೂಯಾರ್ಕ್ ಬಂದರಿನ ಠಾಣೆ ಅದು. 1892ರಿಂದ 1954ರವರೆಗೆ ಒಂದು ಕೋಟಿ 20 ಲಕ್ಷ ಜನ ಆ ಬಾಗಿಲಿನಿಂದ ಒಳಗೆ ಹೋದರು. ಅಲ್ಲಿನ ಅಧಿಕಾರಿಗಳು ಹೆಸರು ಬರೆಯುತ್ತಲೇ ಇರಲಿಲ್ಲ. ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿ ಕೈಯಲ್ಲಿ ಹಿಡಿದು ಸರಿ ನೋಡುತ್ತಿದ್ದರು, ಅಷ್ಟೇ. ಹೆಸರು ಬದಲಾಗಿದ್ದರೆ ಆಚೆ ದಡದಲ್ಲಿ ಬದಲಾಗಿರಬೇಕು, ಇಲ್ಲವೇ ಆಮೇಲೆ ಅವರೇ ಬದಲಾಯಿಸಿಕೊಂಡಿರಬೇಕು. ಇದನ್ನು ಹೇಳುವವರು ಎದುರಿಗಿದ್ದರೆ ಎರಡು ವರ್ಷದ ಹುಡುಕಾಟ ಎರಡು ನಿಮಿಷಕ್ಕೆ ದಾರಿಗೆ ಬರುತ್ತದೆ.

ಈಗ ಗುಜರಿ ವಿಷಯಕ್ಕೆ ಬರುತ್ತೇನೆ.

ದಾಖಲೆ ಹಾಳಾಯಿತು ಅಂದ ಕೂಡಲೇ ನಾವು ಬೆಂಕಿ ಅಂದುಕೊಳ್ಳುತ್ತೇವೆ. ಬೆಂಕಿ ಹಚ್ಚಿಕೊಂಡದ್ದು ನಿಜ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಬೆಂಕಿ ಬಿದ್ದು 1890ರ ಅಮೆರಿಕನ್ ಜನಗಣತಿಯ ಪುಸ್ತಕಗಳು ಸುಟ್ಟವು, ಉಳಿದವು ನೀರಿನಲ್ಲಿ ನೆಂದವು. ಆದರೆ ಎಲ್ಲವೂ ಅವತ್ತೇ ಹೋಗಲಿಲ್ಲ. ನೆಂದ ಪುಸ್ತಕಗಳು ಹತ್ತು ಹನ್ನೆರಡು ವರ್ಷ ಮೂಲೆಯಲ್ಲಿದ್ದವು. ಆಮೇಲೆ ‘ಬೇಡವಾದ ಕಾಗದ’ಗಳ ಒಂದು ಪಟ್ಟಿ ತಯಾರಾಯಿತು, ಮೇಜಿನಿಂದ ಮೇಜಿಗೆ ಹೋಯಿತು, ಉಳಿಸಿಕೊಳ್ಳಿ ಅಂತ ಯಾರೂ ಅನ್ನಲಿಲ್ಲ. 1933ರ ಫೆಬ್ರವರಿ 21ರಂದು ಅಲ್ಲಿನ ಸಂಸತ್ತು ನಾಶಕ್ಕೆ ಒಪ್ಪಿಗೆ ಕೊಟ್ಟಿತು. ಅದರ ಹಿಂದಿನ ದಿನ ತಾನೇ ಅಧ್ಯಕ್ಷ ಹೂವರ್ ರಾಷ್ಟ್ರೀಯ ದಾಖಲೆ ಭವನಕ್ಕೆ ಅಡಿಗಲ್ಲು ಹಾಕಿದ್ದರು. 6 ಕೋಟಿ 20 ಲಕ್ಷಕ್ಕೂ ಜಾಸ್ತಿ ಜನರಿದ್ದ ಗಣತಿಯಲ್ಲಿ ಇವತ್ತು ಉಳಿದಿರುವುದು 6,000ದಷ್ಟು ಹೆಸರು. ಹಿಂದಿನ ಗಣತಿಗೂ ಮುಂದಿನ ಗಣತಿಗೂ ನಡುವೆ ಬಿದ್ದ ಆ ಇಪ್ಪತ್ತು ವರ್ಷದ ತೂತನ್ನು ಜನ ಇವತ್ತು ಹೇಗೆ ಮುಚ್ಚುತ್ತಾರೆ ಗೊತ್ತಾ? ಆಯಾ ಊರಿನ ಗ್ರಂಥಾಲಯದಲ್ಲಿ ಉಳಿದ ಹಳೇ ಡೈರೆಕ್ಟರಿಗಳಿಂದ. ದಾರ ಕಟ್ಟಿದ, ಬೆನ್ನು ಬಿಚ್ಚಿಹೋದ ಅಂಥ ಪುಸ್ತಕಗಳಿಂದಲೇ.

ಐರ್ಲೆಂಡಿನದು ಇನ್ನೂ ದೊಡ್ಡ ಪೆಟ್ಟು. 1922ರ ಜೂನ್ 30ರಂದು ಅಂತರ್ಯುದ್ಧದ ಹೊತ್ತಿನಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟಿಸಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಹಾಗಾದರೆ 1861ರಿಂದ 1891ರವರೆಗಿನದು? ಅದು ಆ ಬೆಂಕಿಗೆ ಸಿಗಲೇ ಇಲ್ಲ. ಅಷ್ಟರೊಳಗೆ ಸರ್ಕಾರವೇ ನಾಶ ಮಾಡಿಸಿ ಆಗಿತ್ತು. ಎರಡು ಗಣತಿಯನ್ನು ಅಂಕಿಅಂಶ ತೆಗೆದುಕೊಂಡ ಮೇಲೆ ಬೇಡ ಅಂತ, ಇನ್ನೆರಡನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಿಗೆ. ಬೆಂಕಿಗಿಂತ ಫೈಲಿನ ಮೇಲಿನ ಒಂದು ಸಹಿ ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ.

ಅದೇ ಬೆಂಕಿಯಲ್ಲಿ ಚರ್ಚ್ ಆಫ್ ಐರ್ಲೆಂಡಿನ ನೂರಾರು ಊರುಗಳ ನಾಮಕರಣ, ಮದುವೆ, ಶವಸಂಸ್ಕಾರದ ಪುಸ್ತಕಗಳೂ ಹೋದವು. ಸುರಕ್ಷಿತವಾಗಿರಲಿ ಅಂತ ಅವನ್ನು ಒಂದೇ ಕಡೆ ತರಿಸಿ ಇಟ್ಟಿದ್ದರು. ಉಳಿದದ್ದು ಯಾವುದು? ‘ನಮ್ಮಲ್ಲೇ ಗಟ್ಟಿ ಪೆಟ್ಟಿಗೆ ಇದೆ, ನಾವೇ ಇಟ್ಟುಕೊಳ್ಳುತ್ತೇವೆ’ ಅಂತ ಅನುಮತಿ ಪಡೆದು ಊರಿನಲ್ಲೇ ಉಳಿಸಿಕೊಂಡದ್ದು. 2022ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಸುಟ್ಟ ಆ ಕಚೇರಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವ ಯೋಜನೆಯೊಂದು ಜನರಿಗೆ ತೆರೆದುಕೊಂಡಿತು. ಅದಕ್ಕೆ ಸಾಮಗ್ರಿ ಎಲ್ಲಿಂದ ಬಂತು? ಬೇರೆ ಬೇರೆ ಗ್ರಂಥಾಲಯ, ದಾಖಲಾಲಯಗಳಲ್ಲಿ ಬಿದ್ದಿದ್ದ ನಕಲುಗಳಿಂದ. ಯಾರೋ ಒಂದು ಕಾಲದಲ್ಲಿ ‘ಇದು ಬರೀ ನಕಲು ತಾನೇ’ ಅಂದುಕೊಂಡೂ ಎಸೆಯದೆ ಬಿಟ್ಟದ್ದು.

ನಕಲಿನ ಬೆಲೆ ಹಳಬರಿಗೆ ಗೊತ್ತಿತ್ತು. ಇಂಗ್ಲೆಂಡಿನಲ್ಲಿ 1538ರಲ್ಲಿ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಪ್ರತಿ ಚರ್ಚೂ ನಾಮಕರಣ, ಮದುವೆ, ಶವಸಂಸ್ಕಾರದ ಪುಸ್ತಕ ಇಡಬೇಕು ಅಂತ ಆಜ್ಞೆ ಮಾಡಿಸಿದ. ಬರೆದಿಟ್ಟರೆ ಸಾಲದು ಅಂತ 1598ರಲ್ಲಿ ಇನ್ನೊಂದು ಕಟ್ಟಳೆ ಬಂತು. ಹಾಳೆ ಬಾಳಿಕೆ ಬರುವುದಿಲ್ಲ, ಚರ್ಮದ ಹಾಳೆಗೆ ನಕಲು ಮಾಡಿ, ವರ್ಷ ವರ್ಷ ಒಂದು ಪ್ರತಿ ಬಿಷಪ್ಪರಿಗೆ ಕಳಿಸಿ ಅಂತ. ಎಷ್ಟೋ ಕಡೆ ಮೂಲ ಪುಸ್ತಕ ಗೆದ್ದಲಿಗೋ ನೀರಿಗೋ ಹೋದ ಮೇಲೆ ಆ ಪ್ರತಿಯೇ ಗತಿಯಾಗಿದೆ. ಮೈಕ್ರೋಫಿಲ್ಮ್ ಆಯಿತು ಅಂತ ಪುಸ್ತಕ ಎಸೆದವರಿದ್ದಾರೆ. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಹಳೇ ಫಿಲ್ಮಿನ ಡಬ್ಬ ತೆರೆದರೆ ವಿನೆಗರ್ ವಾಸನೆ ಹೊಡೆಯುತ್ತದೆ. ಫಿಲ್ಮು ಕೊಳೆಯಲು ಶುರುವಾಗಿದೆ ಅಂತ ಅರ್ಥ. ಇನ್ನು ಸ್ಕ್ಯಾನ್ ಆಯಿತು ಅಂತ ಎಸೆಯುತ್ತಿರುವ ನಾವು ಯಾವ ವಾಸನೆಗೆ ಕಾಯುತ್ತಿದ್ದೇವೋ.

ಕೆಲವರ ಪಾಲಿಗೆ ಈ ಹುಡುಕಾಟ ನನ್ನ ಹಾಗೆ ಬಿಡುವಿನ ಕೆಲಸ ಅಲ್ಲ ಅನ್ನುವುದೂ ನಿಮ್ಮ ಮನಸ್ಸಿನಲ್ಲಿರಲಿ. ಅಮೆರಿಕದಲ್ಲಿ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು 1870ರ ಜನಗಣತಿಯವರೆಗೆ ಹೇಗೋ ಹೋಗುತ್ತಾರೆ. ಅದಕ್ಕಿಂತ ಹಿಂದೆ ಗೋಡೆ. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗೆ ಬೇರೆ ಪಟ್ಟಿ ಇತ್ತು. ಅದರಲ್ಲಿ ಹೆಸರು ಇರುವುದು ಯಜಮಾನನದು. ಅವನ ಕೆಳಗೆ ವಯಸ್ಸು, ಹೆಣ್ಣೋ ಗಂಡೋ, ಬಣ್ಣ. ಅಷ್ಟೇ. ಅಂಥವರು ತಮ್ಮ ಅಜ್ಜಿಯನ್ನು ಹುಡುಕಬೇಕಾದರೆ ಅಜ್ಜಿಯನ್ನು ಆಸ್ತಿ ಅಂತ ಬರೆದುಕೊಂಡವನ ಉಯಿಲು, ಸಾಲಪತ್ರ, ಲೆಕ್ಕದ ಪುಸ್ತಕ ತೆಗೆಸಬೇಕು. ಅಂಥ ಕಾಗದಗಳಲ್ಲಿ ಎಷ್ಟೋ ಇರುವುದು ಕೋರ್ಟಿನ ಉಗ್ರಾಣಗಳಲ್ಲಿ, ಸಣ್ಣ ಗ್ರಂಥಾಲಯಗಳ ಕಟ್ಟುಗಳಲ್ಲಿ. ನಮ್ಮ ದೇಶದಿಂದ ಕರಾರಿನ ಕೂಲಿಗೆ ಹೋದವರ ಕಥೆ ಇನ್ನೊಂದು ಥರ. 1834ರಿಂದ ಮಾರಿಷಸ್ಸಿಗೆ, 1879ರಿಂದ 1916ರವರೆಗೆ ಫಿಜಿಗೆ ಹಡಗು ತುಂಬ ಜನ ಹೋದರು. ಫಿಜಿಗೆ ಹೋದ ಒಬ್ಬೊಬ್ಬರಿಗೂ ಒಂದು ಪಾಸು. ತಂದೆಯ ಹೆಸರು, ಊರು, ಜಾತಿ, ಎತ್ತರ, ಮೈಮೇಲಿನ ಗುರುತು. ಲೆಕ್ಕಕ್ಕೆ ಬರೆದುಕೊಂಡದ್ದು, ಪ್ರೀತಿಗಲ್ಲ. ಆದರೂ ನಾಲ್ಕು ತಲೆಮಾರು ಆದ ಮೇಲೆ ಯಾರೋ ಒಬ್ಬರು ಅದೇ ಪಾಸು ಹಿಡಿದು ಊರು ಹುಡುಕಿಕೊಂಡು ಬರುತ್ತಾರೆ. ಮಾರಿಷಸ್ಸಿಗೆ ಬಂದವರ ದಾಖಲೆಗಳನ್ನು ಅಲ್ಲಿನ ಮೋಕಾ ಅನ್ನುವ ಊರಿನ ಮಹಾತ್ಮ ಗಾಂಧಿ ಸಂಸ್ಥೆ ಫೋಟೊ ಸಮೇತ ಕಾಪಾಡಿಕೊಂಡಿದೆ. ಅಂಥವರು ಬಂದು ನಿಮ್ಮ ಮೇಜಿನ ಮುಂದೆ ನಿಂತಾಗ ‘ನಾಳೆ ಬನ್ನಿ’ ಅನ್ನಬೇಡಿ. ಅವರಿಗೆ ನಾಳೆ ವಾಪಸು ಹೋಗುವ ವಿಮಾನ ಇರುತ್ತದೆ.

ಎಲ್ಲವನ್ನೂ ಎಲ್ಲರಿಗೂ ತೆರೆದಿಡಿ ಅಂತಲೂ ನಾನು ಕೇಳುವುದಿಲ್ಲ. ಬದುಕಿರುವವರ ಗುಟ್ಟು ಗುಟ್ಟಾಗಿಯೇ ಇರಬೇಕು. ಅಮೆರಿಕ ತನ್ನ ಜನಗಣತಿಯ ಹೆಸರುಗಳನ್ನು 72 ವರ್ಷ ಮುಚ್ಚಿಡುತ್ತದೆ. 1950ರದ್ದು ಹೊರಗೆ ಬಂದದ್ದು 2022ರ ಏಪ್ರಿಲ್ 1ಕ್ಕೆ. ಇಂಗ್ಲೆಂಡಿನಲ್ಲಿ ನೂರು ವರ್ಷ. ಜಪಾನಿನಲ್ಲಿ 1872ರ ಕುಟುಂಬ ನೋಂದಣಿ ಪುಸ್ತಕಗಳನ್ನು 1968ರಲ್ಲಿ ಜನ ನೋಡದ ಹಾಗೆ ಮುಚ್ಚಿಬಿಟ್ಟರು. ಅವುಗಳಿಂದ ಯಾರು ಹಿಂದೆ ಕೀಳು ಅನ್ನಿಸಿಕೊಂಡ ಬುರಾಕು ಜನರ ವಂಶದವರು ಅಂತ ಪತ್ತೆ ಮಾಡಿ, ಮದುವೆಗೆ ಕೆಲಸಕ್ಕೆ ಅಡ್ಡಗಾಲು ಹಾಕುತ್ತಿದ್ದರು. ಮುಚ್ಚಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ನನ್ನ ತಕರಾರು ಮುಚ್ಚುವುದರ ಬಗ್ಗೆ ಅಲ್ಲ, ಯಾಕೆ ಅಂತ ಹೇಳದೆ ಮುಚ್ಚುವುದರ ಬಗ್ಗೆ. ಯಾವ ದಾಖಲೆ ಎಷ್ಟು ವರ್ಷ ಆದ ಮೇಲೆ ಯಾರಿಗೆ ಸಿಗುತ್ತದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿ. ಒಂದು ಕಚೇರಿಯಲ್ಲಿ ನನಗೆ ಒಂದೇ ರಿಜಿಸ್ಟರಿಗೆ ಸೋಮವಾರ ‘ಕೊಡಲ್ಲ’, ಬುಧವಾರ ‘ಇಲ್ಲ’, ಶುಕ್ರವಾರ ‘ಬೇಕಾದ್ರೆ ಫೋಟೊ ತೊಗೊಳ್ಳಿ’ ಅಂದರು. ಕುರ್ಚಿಯಲ್ಲಿ ಕೂತವರು ಬೇರೆ ಬೇರೆ, ಅಷ್ಟೇ ವ್ಯತ್ಯಾಸ.

ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ದೊಡ್ಡದೂ ಆಗಬಹುದು, ಇಲ್ಲ ಅಂತಲ್ಲ. ಅಮೆರಿಕದ ಫೋರ್ಟ್ ವೇನ್ ಅನ್ನುವ ಊರಿನಲ್ಲಿರುವ ಅಲೆನ್ ಕೌಂಟಿ ಸಾರ್ವಜನಿಕ ಗ್ರಂಥಾಲಯದ ವಂಶಾವಳಿ ವಿಭಾಗಕ್ಕೆ ದೇಶದ ಮೂಲೆ ಮೂಲೆಯಿಂದ ಜನ ಬರುತ್ತಾರೆ, ಮತ್ತು ಅದು ಒಂದು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಮಾಮೂಲಿ ಗ್ರಂಥಾಲಯವೇ. ಆದರೆ ಎಲ್ಲರೂ ಹಾಗಾಗಬೇಕಿಲ್ಲ. ಹಳೇದನ್ನು ತೆಗೆದುಹಾಕುವ ದಿನ ಆ ಊರನ್ನು ಬಲ್ಲ ಒಬ್ಬರನ್ನಾದರೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ‘ಐದು ವರ್ಷದಿಂದ ಯಾರೂ ತೆಗೆದಿಲ್ಲ’ ಅನ್ನುವ ಲೆಕ್ಕ ಕಾದಂಬರಿಗೆ ಸರಿ. ಡೈರೆಕ್ಟರಿ, ಮತದಾರರ ಪಟ್ಟಿ, ಶಾಲೆಯ ವಾರ್ಷಿಕ ಸಂಚಿಕೆ, ಮುಚ್ಚಿಹೋದ ಪತ್ರಿಕೆಯ ಕಟ್ಟು ಇಂಥವಕ್ಕೆ ಆ ಲೆಕ್ಕ ಹಾಕಬೇಡಿ. ಅವನ್ನು ತೆಗೆಯುವವರು ಇನ್ನೂ ಹುಟ್ಟೇ ಇಲ್ಲದಿರಬಹುದು. ಸ್ಕ್ಯಾನ್ ಮಾಡಿಸಿ, ಖಂಡಿತ ಮಾಡಿಸಿ. ಮಾಡಿಸಿದ ಮೇಲೆ ಮೂಲ ಇಟ್ಟುಕೊಳ್ಳಲು ಜಾಗ ಇಲ್ಲ ಅಂದರೆ ಇಟ್ಟುಕೊಳ್ಳುವವರನ್ನು ಹುಡುಕಿ. ಎಸೆಯುವ ಮುಂಚೆ ಒಂದು ತಿಂಗಳು ಬಾಗಿಲಿಗೆ ಪಟ್ಟಿ ಹಚ್ಚಿದರೆ ಖರ್ಚೇನೂ ಇಲ್ಲ.

ಎಲ್ಲಕ್ಕಿಂತ ಜಾಸ್ತಿ, ಮೇಜಿನ ಹಿಂದೆ ಮೂವತ್ತು ವರ್ಷ ಕೂತವರು ನಿವೃತ್ತರಾಗುವ ಮುಂಚೆ ಮೂರು ತಿಂಗಳು ಅವರ ಪಕ್ಕ ಒಬ್ಬ ಹೊಸಬರನ್ನು ಕೂರಿಸಿ. ಬೀಳ್ಕೊಡುಗೆಗೆ ಶಾಲು ಹೊದಿಸುತ್ತೀರಲ್ಲ, ಅದರ ಹಿಂದಿನ ದಿನ ‘ಮೇಡಂ, ನಿಮಗೆ ಗೊತ್ತಿದ್ದು ಕ್ಯಾಟಲಾಗಿನಲ್ಲಿ ಇಲ್ಲದ್ದು ಏನೇನಿದೆ?’ ಅಂತ ಒಂದು ಪ್ರಶ್ನೆ ಕೇಳಿ ಬರೆದುಕೊಳ್ಳಿ.

ಹುಡುಕುವ ನಮ್ಮವರಿಗೂ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ನಾವು ಬಂದು ‘ನಮ್ಮ ವಂಶ ಪೂರ್ತಿ ತೆಗೆದುಕೊಡಿ’ ಅಂತ ಕೇಳುತ್ತೇವೆ. ಪೂರ್ತಿ ಅಂದರೆ ಎಷ್ಟು? ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಒಂದು ಸಾಲಿನಲ್ಲೇ 1,024 ಜನ. ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತದೆ. ಮೂವತ್ತಕ್ಕೆ 107 ಕೋಟಿ, ಆ ಕಾಲದಲ್ಲಿ ಭೂಮಿಯ ಮೇಲೆಯೇ ಅಷ್ಟು ಜನ ಇರಲಿಲ್ಲ. ಒಬ್ಬರೇ ಹತ್ತಾರು ಕೊಂಬೆಯಲ್ಲಿ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಲೆಕ್ಕ ಹೊಂದುತ್ತದೆ. ಆದ್ದರಿಂದ ಒಬ್ಬರನ್ನು ಹಿಡಿಯಿರಿ. ಮನೆಯ ಹಿರಿಯರನ್ನು ಮೊದಲು ಮಾತಾಡಿಸಿ, ಯಾವ ಬೀದಿ, ಯಾವ ಕೆಲಸ, ಯಾವ ವರ್ಷದ ಆಸುಪಾಸು ಅಂತ ಬರೆದುಕೊಂಡು ಬನ್ನಿ. ಪೆನ್ನು ಬೇಡ, ಪೆನ್ಸಿಲ್ ತನ್ನಿ. ಎಲ್ಲರಿಗೂ ತಮ್ಮ ವಂಶದ ತುದಿಯಲ್ಲಿ ಒಬ್ಬ ರಾಜ ಇರಬೇಕು ಅಂತ ಆಸೆ. ನನಗೆ ಮುತ್ತಜ್ಜನ ಅಪ್ಪನ ಬಗ್ಗೆ ಸಿಕ್ಕ ಒಂದೇ ಕಾಗದ ಅಂದರೆ ಆತ ಏಳು ತಿಂಗಳ ಮನೆ ಬಾಡಿಗೆ ಬಾಕಿ ಇಟ್ಟದ್ದಕ್ಕೆ ಬಂದ ನೋಟಿಸು. ಅದಕ್ಕೆ ಚೌಕಟ್ಟು ಹಾಕಿಸಿದ್ದೇನೆ.

ಇನ್ನು ಆ ಪೆಟ್ಟಿಗೆ. ನಾನು ವಿಚಾರಿಸಿದ ಮಟ್ಟಿಗೆ ಅದು ಮಾರಾಟ ಆದದ್ದಕ್ಕೆ ರಸೀದಿ ಇಲ್ಲ. ಹಳೇ ಪೀಠೋಪಕರಣಗಳ ಜೊತೆ ಯಾವುದೋ ಉಗ್ರಾಣಕ್ಕೆ ಹೋಗಿದೆ ಅಂತ ಒಬ್ಬರು ಹೇಳಿದರು, ಇಲ್ಲ ಅಂತ ಇನ್ನೊಬ್ಬರು. ಕಂದು ಬಣ್ಣದ ಮರದ ಪೆಟ್ಟಿಗೆ, ನಾಲ್ಕು ಸಾಲು ಡ್ರಾಯರ್. ಕೆಳಗಿನ ಸಾಲಿನ ಎಡತುದಿಯ ಡ್ರಾಯರಿಗೆ ಹಿಡಿ ಇಲ್ಲ, ಅದರ ಬದಲು ಟ್ವೈನ್ ದಾರದ ಕುಣಿಕೆ ಹಾಕಿದ್ದಾರೆ. ಡ್ರಾಯರುಗಳ ಮೇಲಿನ ಚೀಟಿಗಳು ಉದುರಿರಬಹುದು, ಒಳಗಿನ ಕಾರ್ಡುಗಳೆಲ್ಲ ಒಂದೇ ಕೈಬರಹ, ನೀಲಿ ಶಾಯಿ, ಅಲ್ಲಲ್ಲಿ ಪೆನ್ಸಿಲ್ ಗೆರೆ. ನಿಮ್ಮ ಯಾವುದಾದರೂ ಉಗ್ರಾಣದಲ್ಲಿ ಅಂಥದ್ದು ಕಂಡರೆ ಖಾಲಿ ಪೆಟ್ಟಿಗೆ ಅಂದುಕೊಂಡು ಮಗುಚಬೇಡಿ. ತಿಳಿಸಿದರೆ ನಾನೇ ಬಂದು ಒರೆಸಿ, ಅಕ್ಷರವಾರು ಜೋಡಿಸಿಕೊಡುತ್ತೇನೆ. ಮೇಡಂ ಕೂಡ ಬರುತ್ತೇನೆ ಅಂದಿದ್ದಾರೆ.

ಇಂತಿ,
ಮೂರನೇ ಮಗಳ ಅಕ್ಕನ ಮೊಮ್ಮಗ